ಐದನೆಯ ದಿನಕ್ಕೆ ಕಥೆಯಿರಲಿಲ್ಲ

ಸಪ್ಪಲಮ್ಮನಿಗೆ ಯಾವ ಕಥೆಯನ್ನೂ ಸುಮ್ಮನೆ ಕೂತು ಕೇಳಿ ಅಭ್ಯಾಸವಿರಲಿಲ್ಲ. ಹರಿಕಥೆಗೆ ಹೋದರೆ ನಡುವೆ ಎದ್ದು ನಿಂತು, "ಸ್ವಾಮೇರೇ, ಆ ಮಗೀಗೆ ಆಗ ಎಷ್ಟು ವಯಸ್ಸು?" ಎಂದು ಕೇಳಿ ದಾಸರನ್ನು ತಬ್ಬಿಬ್ಬು ಮಾಡಿಬಿಡುವ ಹೆಂಗಸು. ತೂಬಗೆರೆಯಿಂದ ಎರಡು ಮೈಲಿ ದೂರದ ಹಳ್ಳಿಗೆ ಸೊಸೆಯಾಗಿ ಬಂದ ಮೊದಲ ವಾರವೇ, ಡೇರಿಯಲ್ಲಿ ಹಾಲು ಅಳೆಯುವ ರೀತಿ ಸರಿಯಿಲ್ಲವೆಂದು ತಗಾದೆ ತೆಗೆದು ಅತ್ತೆ ಲಕ್ಕಮ್ಮನ ಮಾನ ತೆಗೆದಿದ್ದಳು. ಗಂಡ ಮುನಿರಾಜ್ ಇದಕ್ಕೆ ತದ್ವಿರುದ್ಧ. ದ್ರಾಕ್ಷಿ ಚಪ್ಪರದ ಕೆಳಗೆ ಬೆಳಗಿನಿಂದ ಸಂಜೆಯವರೆಗೆ ಕತ್ತರಿ ಹಿಡಿದು ಬಳ್ಳಿ ಸವರುವ ಆ ಮನುಷ್ಯ ದಿನಕ್ಕೆ ಹತ್ತು ಮಾತಾಡಿದರೆ ಅದೇ ಹೆಚ್ಚು. "ನಮ್ಮನೇಲಿ ಇಬ್ರ ಮಾತೂ ನಾನೇ ಆಡ್ಬೇಕು ಕಣಕ್ಕ" ಎಂದು ಸಪ್ಪಲಮ್ಮ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

ಅಂಥ ಬಾಯಿಗೆ ತಕ್ಕ ಜಾಗ ಸಿಕ್ಕಿದ್ದು ಪ್ರಮೋದಾ ಟೀಚರ್ ಮನೆಯಲ್ಲಿ. ಟೀಚರ್ ತೂಬಗೆರೆಯ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಕನ್ನಡ ಪಾಠ ಮಾಡಿದವರು, ಕ್ರಿಶ್ಚಿಯನ್ನರು. ಗಂಡ ತೀರಿಕೊಂಡ ಮೇಲೂ, ಕೆಲಸ ಮುಗಿದ ಮೇಲೂ ಊರು ಬಿಡದೆ ಅಲ್ಲೇ ಉಳಿದಿದ್ದರು. ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣು ತೆಗೆದಿತ್ತು. ಸಪ್ಪಲಮ್ಮ ಡೇರಿಗೆ ಹಾಲು ಹಾಕಿ, ಅವರ ಮನೆಗೆ ಹೋಗಿ ಅಡುಗೆ ಮಾಡಿಟ್ಟು, ಕಸ ಹೊಡೆದು, ಕೊನೆಗೆ ಒಂದು ಗಂಟೆ ಬೈಬಲ್ ಓದಿ ಹೇಳಬೇಕಿತ್ತು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವಳು. ಒಂದು ಪದ ಹಾರಿಸಿದರೂ ಟೀಚರ್ ಕುರ್ಚಿಯ ಕೈ ಬಡಿದು, "ಏಯ್, ಒಂದು ಪದ ನುಂಗಿದೆ ನೋಡು. ಹಿಂದಕ್ಕೆ ಹೋಗು" ಎನ್ನುತ್ತಿದ್ದರು. ಪುಸ್ತಕವೆಲ್ಲ ಅವರಿಗೆ ಬಾಯಿಪಾಠ. ಹಾಗಾದರೆ ನನ್ನ ಕೈಲಿ ಯಾಕೆ ಓದಿಸುತ್ತಾರೆ ಎಂದು ಸಪ್ಪಲಮ್ಮನಿಗೆ ಮೊದಮೊದಲು ಸಿಟ್ಟು ಬಂದಿತ್ತು. ಆಮೇಲೆ ಅರ್ಥವಾಯಿತು, ಮನೆಯಲ್ಲಿ ಇನ್ನೊಂದು ದನಿ ಕೇಳುವ ಆಸೆ, ಅಷ್ಟೇ.

ಎಷ್ಟೋ ಕಥೆ ಓದಿದರೂ ಸಪ್ಪಲಮ್ಮನನ್ನು ಹಿಡಿದು ನಿಲ್ಲಿಸಿದ್ದು ಸತ್ತವರು ಎದ್ದು ಬಂದ ಕಥೆಗಳು. ಟೀಚರ್ ಕ್ಲಾಸಿನಲ್ಲಿ ಕೇಳುವ ಹಾಗೆ ಕೇಳುತ್ತಿದ್ದರು: ಸತ್ತಿದ್ದು ಯಾರು, ಬೇಡಿಕೊಂಡಿದ್ದು ಯಾರು, ಸತ್ತು ಎಷ್ಟು ಹೊತ್ತಾಗಿತ್ತು, ಎಬ್ಬಿಸಿದ್ದು ಹೇಗೆ? ಸಪ್ಪಲಮ್ಮ ಬೆರಳು ಮಡಚಿ ಮಡಚಿ ಉತ್ತರ ಹೇಳುವಳು. ಎಲೀಷ ಎಂಬ ಪ್ರವಾದಿ ಪಾಪ ಎಷ್ಟು ಒದ್ದಾಡಿದ! ಸತ್ತ ಮಗುವಿನ ಮೇಲೆ ಮಲಗಿ, ಬಾಯಿಗೆ ಬಾಯಿ, ಕಣ್ಣಿಗೆ ಕಣ್ಣು, ಅಂಗೈಗೆ ಅಂಗೈ ಇಟ್ಟು ಮೈ ಬಿಸಿ ಮಾಡಿದ, ಎದ್ದು ಮನೆಯಲ್ಲಿ ಅತ್ತಿತ್ತ ಓಡಾಡಿದ, ಮತ್ತೆ ಮಲಗಿದ. ಮಗು ಏಳು ಸಲ ಸೀನಿ ಕಣ್ಣು ಬಿಟ್ಟಿತು. ಯೇಸುವಿಗೆ ಆ ಕಷ್ಟವೇ ಇಲ್ಲ. ಯಾಯೀರ ಎಂಬುವನ ಹನ್ನೆರಡು ವರ್ಷದ ಮಗಳ ಕೈ ಹಿಡಿದು, ಹುಡುಗೀ ಏಳು ಅಂದ, ಎದ್ದಳು. ನಾಯಿನ್ ಎಂಬ ಊರಲ್ಲಿ ವಿಧವೆಯೊಬ್ಬಳ ಮಗನನ್ನು ಚಟ್ಟದ ಮೇಲೆ ಹೊತ್ತು ತರುತ್ತಿದ್ದರು, ಯಾರೂ ಬೇಡಿಕೊಳ್ಳಲೂ ಇಲ್ಲ, ತಾನಾಗಿ ಬಂದು ಚಟ್ಟ ಮುಟ್ಟಿದ, ಹೊತ್ತವರು ನಿಂತರು, ಏಳು ಅಂದ, ಹುಡುಗ ಎದ್ದು ಕೂತ. ಲಾಜರನದು ಎಲ್ಲಕ್ಕಿಂತ ದೊಡ್ಡದು. ಗುಹೆಯಲ್ಲಿಟ್ಟು ನಾಲ್ಕು ದಿನ ಕಳೆದಿತ್ತು, ವಾಸನೆ ಬರುತ್ತದೆ ಎಂದು ಅಕ್ಕನೇ ಹೇಳಿದಳು. ಆದರೂ ಕಲ್ಲು ಸರಿಸಿ ಹೆಸರು ಹಿಡಿದು ಕೂಗಿದ, ಬಂದ.

"ನಂಗೆ ಯಾಯೀರನ ಮಗಳ ಕಥೇನೇ ಇಷ್ಟ ಟೀಚರ್. ಎದ್ದ ತಕ್ಷಣ, ಮಗೀಗೆ ತಿನ್ನಕ್ಕೇನಾದ್ರೂ ಕೊಡಿ ಅಂದನಲ್ಲ, ಅವನು ಮನುಷ್ಯ ಅಂದ್ರೆ!" ಎಂದು ಒಂದು ದಿನ ಸಪ್ಪಲಮ್ಮ ತೀರ್ಪು ಕೊಟ್ಟಳು. "ಆ ಎಲೀಷನ ಕಥೇಲಿ ಬರ್ತಾಳಲ್ಲ, ಆವಮ್ಮನ ಮೇಲೆ ನಂಗೆ ಕೋಪ. ಮಗ ತೊಡೆ ಮೇಲೇ ಸತ್ತವ್ನೆ, ಗಂಡ ಯಾಕ್ ಹೊರಟೆ ಅಂತ ಕೇಳಿದ್ರೆ, ಎಲ್ಲಾ ಚೆನ್ನಾಗೈತೆ ಅಂತಾಳೆ. ಕಟ್ಕೊಂಡ ಗಂಡನಿಗೆ ಸುಳ್ಳು ಹೇಳೋದಾ?"

ಟೀಚರ್ ಹೇಳಿದರು: "ಸತ್ತ ಅಂತ ಹೇಳಿದ್ದರೆ ಅವನು ಅಲ್ಲೇ ಕುಸಿದುಬಿಡ್ತಿದ್ದ ಸಪ್ಪಲಮ್ಮ. ಅವನು ನಿಂತಿರಲಿ ಅಂತ ಹೇಳಿದ ಸುಳ್ಳು ಅದು."

ಈ ಕಥೆಗಳೆಲ್ಲ ಊಟದ ಹೊತ್ತಿಗೆ ಮನೆಗೆ ಬರುತ್ತಿದ್ದವು. ಲಕ್ಕಮ್ಮ, "ಯಾರ್ ದೇವ್ರಾದ್ರೇನು, ಮಕ್ಕಳನ್ನ ಉಳಿಸಿಕೊಟ್ರೆ ಸಾಕು" ಎಂದು ಕೈಮುಗಿಯುವಳು. ಮುನಿರಾಜ್ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಈ ಮನುಷ್ಯನ ಕಿವಿಗೆ ಒಂದೂ ಬೀಳುವುದಿಲ್ಲ ಎಂದೇ ಸಪ್ಪಲಮ್ಮ ತಿಳಿದಿದ್ದಳು. ಕೇಳುತ್ತಿದ್ದವಳು ಮಗಳು ಸಿಂಚನ. ಏಳನೇ ಕ್ಲಾಸು, ಒಬ್ಬಳೇ ಮಗಳು, ಎರಡು ಜಡೆ ಎತ್ತಿ ಕಟ್ಟಿ ಕೆಂಪು ರಿಬ್ಬನ್ ಹಾಕಿ ಸ್ಕೂಲಿಗೆ ಹೋಗುವವಳು. ಪ್ರಶ್ನೆ ಕೇಳುವುದರಲ್ಲಿ ತಾಯಿಯನ್ನೇ ಮೀರಿಸಿದವಳು. ಒಂದು ದಿನ ಮ್ಯಾಗಿಯ ಎಳೆಯನ್ನು ಸುರ್ರೆಂದು ಎಳೆದುಕೊಂಡು ಕೇಳಿದಳು: "ಅಮ್ಮಾ, ಹಂಗೆ ಎದ್ದು ಬಂದೋರೆಲ್ಲ ಈಗ ಎಲ್ಲವ್ರೆ? ಆಮೇಲೆ ಮತ್ತೆ ಸತ್ರಾ?"

ಸಪ್ಪಲಮ್ಮನಿಗೆ ಇದು ಹೊಳೆದೇ ಇರಲಿಲ್ಲ. ಮರುದಿನ ಟೀಚರನ್ನು ಕೇಳಿದಳು. ಟೀಚರ್ ಜೋರಾಗಿ ನಕ್ಕರು. "ನಿನ್ನ ಮಗಳು ಪಾದ್ರಿಗಳನ್ನೂ ಮೂಲೆಗೆ ಕೂರಿಸ್ತಾಳೆ! ಸತ್ತರು ಅಂತ ಹೇಳು. ಎಲ್ಲರೂ ಮತ್ತೆ ಸತ್ತರು. ಆದರೆ ಎರಡನೇ ಸಲ ಅವರಮ್ಮಂದಿರು ಮೊದಲೇ ಹೋಗಿದ್ದರು. ಪವಾಡ ಅಂದರೆ ಅಷ್ಟೇ ಸಪ್ಪಲಮ್ಮ. ಹೋಗೋ ಸರದಿ ಸರಿ ಮಾಡಿಕೊಟ್ಟಿದ್ದು."

ಈ ಉತ್ತರ ಕೇಳಿ ಸಿಂಚನ, "ಹಂಗಾದ್ರೆ ನೀನೇ ಫಸ್ಟು" ಎಂದು ತಾಯಿಯ ಕೆನ್ನೆ ಹಿಂಡಿದ್ದಳು.

ಜ್ವರ ಬಂದದ್ದು ಮಳೆಗಾಲದ ಒಂದು ಶನಿವಾರ. ಮಾತ್ರೆ ನುಂಗಿಸಿ, ಹಣೆಗೆ ಒದ್ದೆ ಬಟ್ಟೆ ಹಾಕಿ, ಅಜ್ಜಿಯ ಹತ್ತಿರ ಬಿಟ್ಟು ಸಪ್ಪಲಮ್ಮ ಭಾನುವಾರವೂ ಸೋಮವಾರವೂ ಟೀಚರ್ ಮನೆಗೆ ಹೋಗಿ ಬಂದಳು. ಎಲ್ಲ ಮಕ್ಕಳಿಗೂ ಬರುವ ಜ್ವರವೆಂದುಕೊಂಡಿದ್ದಳು. ಮಂಗಳವಾರ ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ಡೆಂಗಿ ಎಂದರು. ಬುಧವಾರ ಬೆಂಗಳೂರಿಗೆ ಸಾಗಿಸಿದರು. ರಕ್ತ ಕೊಟ್ಟರು, ಬಿಳಿ ರಕ್ತವೆನ್ನುವ ಪ್ಲೇಟ್ಲೆಟ್ ಕೊಟ್ಟರು, ಡಾಕ್ಟರುಗಳು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಶುಕ್ರವಾರ ಬೆಳಗಿನ ಕಾಫಿ ಹೊತ್ತಿಗೆ ಸಿಂಚನ ಹೋಗಿಬಿಟ್ಟಳು.

ಡಾಕ್ಟರಮ್ಮ ಹೊರಗೆ ಬಂದು ವಿಷಯ ಹೇಳಿದಾಗ ಸಪ್ಪಲಮ್ಮ ಅಳಲಿಲ್ಲ. "ನಿದ್ದೆ ಮಾಡ್ತಾವ್ಳೆ, ಇನ್ನೊಂದ್ಸಲ ನೋಡಿ" ಎಂದಳು. ಯಾಯೀರನ ಮನೆಯಲ್ಲೂ ಯೇಸು ಹಾಗೇ ಅಂದಿದ್ದ, ಎಲ್ಲರೂ ನಕ್ಕಿದ್ದರು. ಇಲ್ಲಿ ಯಾರೂ ನಗಲಿಲ್ಲ. ಆಕೆ ಮಗಳ ಕೈ ಹಿಡಿದು, "ಏಳು ಕಂದಾ" ಎಂದಳು. ಇನ್ನೊಂದು ಸಲ ಹೇಳಿದಳು. ನರ್ಸ್ ಬಂದು ಭುಜ ಹಿಡಿಯುವವರೆಗೂ ಹೇಳಿದಳು.

ಆಂಬುಲೆನ್ಸಿನಲ್ಲಿ ಎಲೀಷನ ನೆನಪಾಯಿತು. ಮುನಿರಾಜ್ ನೋಡುತ್ತಿದ್ದಂತೆಯೇ ಮಗಳ ಮೇಲೆ ಬಾಗಿ ಬಾಯಿಗೆ ಬಾಯಿ, ಕಣ್ಣಿಗೆ ಕಣ್ಣು ಇಟ್ಟು, ಆ ತಣ್ಣನೆಯ ಅಂಗೈಗಳ ಮೇಲೆ ತನ್ನ ಅಂಗೈ ಒತ್ತಿದಳು. ಯಲಹಂಕ ದಾಟಿ ರಾಜಾನುಕುಂಟೆ ಬರುವತನಕ ಹಾಗೇ ಇದ್ದಳು. ಒಂದೇ ಒಂದು ಸೀನು ಬರಲಿ ಎಂದು ಕಾದಳು. ಮುನಿರಾಜ್ ಬೇಡ ಎನ್ನಲಿಲ್ಲ, ಗಾಡಿ ಹಳ್ಳಕ್ಕೆ ಬಿದ್ದಾಗಲೆಲ್ಲ ಹೆಂಡತಿ ಜಾರದಂತೆ ಬೆನ್ನಿಗೆ ಕೈ ಕೊಟ್ಟು ಕೂತಿದ್ದ.

ಮನೆಯಲ್ಲಿ ಮಗುವನ್ನು ಮಲಗಿಸಿದ ಮೇಲೆ ಲಕ್ಕಮ್ಮ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟಲು ದಾರ ಕೇಳಿದಳು. ಯಾರ ಮನೆಯಲ್ಲಿ ಸತ್ತರೂ ಮೊದಲು ಮಾಡುವ ಕೆಲಸ ಅದು. ಗುಂಡಿಗೆ ಇಳಿಸುವಾಗ ಬಿಚ್ಚಬೇಕು, ಕಟ್ಟಿದಂತೆಯೇ ಮಣ್ಣು ಮಾಡಬಾರದು. ಆ ಹೊತ್ತಿನಲ್ಲಿ ದಾರ ಯಾರಿಗೂ ಸಿಗಲಿಲ್ಲ. ಸಪ್ಪಲಮ್ಮನೇ ಎದ್ದು ಕನ್ನಡಿಯ ಪಕ್ಕದ ಮೊಳೆಯಿಂದ ಸ್ಕೂಲಿನ ರಿಬ್ಬನ್ ಒಂದನ್ನು ತಂದುಕೊಟ್ಟಳು. ಎಳೆ ಬಿಡದಿರಲೆಂದು ಬೆಂಕಿಕಡ್ಡಿ ಗೀರಿ ತುದಿ ಸುಡುವಾಗ ಹಿಂದೊಮ್ಮೆ ಅವಳದೇ ಕೈತಪ್ಪಿ ಒಂದು ಅಂಚು ಕಪ್ಪಗೆ ಕರಕಲಾಗಿದ್ದ ರಿಬ್ಬನ್ ಅದು. ಚೆನ್ನಾಗಿದ್ದ ಇನ್ನೊಂದು ಮೊಳೆಯಲ್ಲೇ ಉಳಿಯಿತು. ಮಗಳು ನಾಳೆ ಸ್ಕೂಲಿಗೆ ಹಾಕಿಕೊಳ್ಳಬೇಕಲ್ಲ ಎಂದು ಆ ಗಳಿಗೆಯಲ್ಲೂ ಅವಳಿಗೆ ಅನ್ನಿಸಿತ್ತು.

ಮಧ್ಯಾಹ್ನ ಮೂರಕ್ಕೆ ಎತ್ತಿದರು. ಅವರಲ್ಲಿ ಹೆಂಗಸರು ಗುಂಡಿಯತನಕ ಹೋಗುವಂತಿಲ್ಲ. ದಾರಿಯ ನಡುವೆ ಅರಳಿಮರದ ಹತ್ತಿರ ಚಟ್ಟ ಇಳಿಸಿ ಎತ್ತುವ ಜಾಗವಿದೆ, ಅಲ್ಲಿಂದ ವಾಪಸು. ಚಟ್ಟ ಆ ಮರ ಮುಟ್ಟುವ ಮೊದಲೇ ಎದುರಿಗೆ ಒಂದು ಆಟೋ ಬಂದು ನಿಂತಿತು. ಅದರಿಂದ ಪ್ರಮೋದಾ ಟೀಚರ್ ಕೋಲು ಊರಿಕೊಂಡು ಇಳಿದರು, ಕೈಚಾಚಿ ತಡಕುತ್ತಾ ಬಂದು ಚಟ್ಟ ಮುಟ್ಟಿದರು. ಹೊತ್ತವರು ನಿಂತರು.

ಸಪ್ಪಲಮ್ಮ ಹೆಂಗಸರ ಗುಂಪಿನಿಂದ ಮುಂದಕ್ಕೆ ನುಗ್ಗಿದಳು. ನಾಯಿನ್ ಊರಿನಲ್ಲೂ ಹೀಗೇ. ಹೀಗೇ ಯಾರೋ ಬಂದು ಮುಟ್ಟಿದ್ದು, ಹೊತ್ತವರು ನಿಂತದ್ದು. ಟೀಚರ್ ಕೈ ಸಿಂಚನಳ ಹಣೆ, ಮೂಗು, ತುಟಿ, ಗಲ್ಲ ಎಲ್ಲವನ್ನೂ ಮೆಲ್ಲಗೆ ಸವರಿತು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಸಪ್ಪಲಮ್ಮ ಬಾಯಿ ತೆರೆದುಕೊಂಡು ನೋಡಿದಳು. "ಈ ಮುಖ ನಾನು ಒಂದು ದಿನಾನೂ ನೋಡಲಿಲ್ಲವಲ್ಲೇ" ಎಂದು ಟೀಚರ್ ಗೊಳೋ ಎಂದು ಅತ್ತುಬಿಟ್ಟರು. ಯಾರೋ ಅವರ ಕೈ ಬಿಡಿಸಿದರು, ಚಟ್ಟ ಮುಂದಕ್ಕೆ ಹೋಯಿತು.

ಉಳಿದಿದ್ದು ಲಾಜರ ಒಬ್ಬ.

ಭಾನುವಾರ, ಮೂರನೇ ದಿನದ ಹಾಲು-ತುಪ್ಪ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಸಮಾಧಿಯ ಮೇಲೆ ಎಡೆ ಇಡುವ ದಿನ. ಸಪ್ಪಲಮ್ಮ ಮ್ಯಾಗಿ ಮಾಡಿದಳು. ಎಡೆಗೆ ಅದನ್ನು ಇಡುವುದುಂಟೇ ಎಂದು ಯಾರೋ ಮೂಗು ಮುರಿದರು, ಲಕ್ಕಮ್ಮ ಗದರಿ ಬಾಯಿ ಮುಚ್ಚಿಸಿದಳು. ದ್ರಾಕ್ಷಿ ತೋಟದ ಮೂಲೆಯ ಆ ಹಸಿ ಮಣ್ಣಿನ ಮೇಲೆ ಎಲೆ ಹಾಕಿ ಬಡಿಸುವಾಗ ಸಪ್ಪಲಮ್ಮನಿಗೆ ಇದು ಎಡೆ ಎಂದು ಅನಿಸಲೇ ಇಲ್ಲ. ಎದ್ದ ತಕ್ಷಣ ಮಗುವಿಗೆ ಹಸಿವಾಗುತ್ತದೆ, ತಿನ್ನಲು ಏನಾದರೂ ಇರಬೇಕು. ಕಾಗೆಗಳು ಬಂದು ಎಳೆಗಳನ್ನು ಎಳೆದಾಡಿದವು.

ಸೋಮವಾರ ನಾಲ್ಕನೇ ದಿನ. ನಾಯಿ ಕೆದಕದಂತೆ ಸಮಾಧಿಯ ಮೇಲೆ ಹೇರಿದ್ದ ಕಲ್ಲುಗಳನ್ನೂ ಜಾಲಿಮುಳ್ಳನ್ನೂ ಬೆಳಗಾಗುತ್ತಲೇ ಒಂದೊಂದಾಗಿ ಎತ್ತಿ ಬದಿಗಿಟ್ಟಳು. ಕೈಯೆಲ್ಲ ರಕ್ತ. ಆಮೇಲೆ ಚಪ್ಪರದ ಕಂಬಕ್ಕೆ ಒರಗಿ ಕೂತಳು. "ಸಿಂಚನಾ, ಬಾರೇ" ಎಂದು ಕೂಗಿದಳು, ಸಂಜೆ ಸ್ಕೂಲ್ ಬಸ್ಸಿನ ಹೊತ್ತಿಗೆ ಕೂಗುವ ದನಿಯಲ್ಲೇ. ಮಧ್ಯಾಹ್ನ ಕಳೆಯಿತು. ಮೋಟಾರಿನ ಮನೆಯ ಬಾಗಿಲಲ್ಲಿ ಮುನಿರಾಜ್ ಕೂತಿದ್ದ, ಹತ್ತಿರಕ್ಕೂ ಬರಲಿಲ್ಲ, ಎದ್ದೂ ಹೋಗಲಿಲ್ಲ. ಹೊತ್ತು ಮುಳುಗುವಾಗ ಬಂದು ಕಲ್ಲುಗಳನ್ನು ಮತ್ತೆ ಜೋಡಿಸಿ, ಹೆಂಡತಿಯ ರಟ್ಟೆ ಹಿಡಿದು ಮನೆಗೆ ಕರೆದುಕೊಂಡು ಹೋದ.

ಐದನೆಯ ದಿನಕ್ಕೆ ಕಥೆಯಿರಲಿಲ್ಲ. ಆ ಇಡೀ ದಪ್ಪ ಪುಸ್ತಕದಲ್ಲಿ ಟೀಚರ್ ಓದಿಸಿದ ಯಾವುದನ್ನು ನೆನೆದರೂ, ಐದನೆಯ ದಿನ ಎದ್ದವರು ಒಬ್ಬರೂ ಸಿಗಲಿಲ್ಲ. ಹಾಗಾದರೆ ಅವರಿಗೆಲ್ಲ ಸಿಕ್ಕಿದ್ದು ತನಗೇಕೆ ಸಿಗಲಿಲ್ಲ? ತಬಿಥಾ ಎಂಬುವಳು ಬಡವರಿಗೆ ಅಂಗಿ ಹೊಲಿದುಕೊಟ್ಟಿದ್ದಳು, ಅದಕ್ಕೆ ಎದ್ದಳು. ಎಲೀಷನ ಕಥೆಯ ತಾಯಿ ಪ್ರವಾದಿಗೆ ಮಹಡಿಯ ಮೇಲೆ ಕೋಣೆ ಕಟ್ಟಿಸಿದ್ದಳು. ನಾನೇನು ಮಾಡಿದ್ದೆ? ಮಗಳು ಜ್ವರದಲ್ಲಿ ಬೇಯುತ್ತಿದ್ದಾಗ ಎರಡು ದಿನ ಇನ್ನೊಬ್ಬರ ಮನೆಯಲ್ಲಿ ಕೂತು ಕಥೆ ಓದಿದ್ದೆ. ತಪ್ಪು ತನ್ನದೇ. ಶುಕ್ರವಾರದಿಂದ ಅವಳ ಗಂಟಲಲ್ಲಿ ಒಂದು ಅಗುಳೂ ಇಳಿದಿರಲಿಲ್ಲ. ಲಕ್ಕಮ್ಮ ಗಂಜಿ ಲೋಟ ಹಿಡಿದು ಬೇಡಿಕೊಂಡಳು. "ಅವ್ಳನ್ನ ಕೊಂದೋಳು ನಾನು. ನಂಗ್ಯಾಕೆ ಗಂಜಿ" ಎಂದು ಸಪ್ಪಲಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. ಕಣ್ಣು ಗುಳಿ ಬಿದ್ದು, ತುಟಿ ಒಡೆದು, ಅವಳೂ ಮಗಳ ಹಿಂದೆಯೇ ಹೊರಟವಳ ಹಾಗಿದ್ದಳು.

ಗೋಡೆ ನೋಡುತ್ತಾ ಮಲಗಿದ್ದವಳಿಗೆ ಕನ್ನಡಿಯ ಪಕ್ಕದ ಮೊಳೆಯಲ್ಲಿ ಒಂಟಿ ರಿಬ್ಬನ್ ಕಂಡಿತು. ದಡಕ್ಕನೆ ಎದ್ದು ಕೂತಳು.

"ಕಾಲು ಬಿಚ್ಚಿದ್ರಾ?"

ಬಾಗಿಲಲ್ಲಿ ಕೂತಿದ್ದ ಮುನಿರಾಜ್ ತಿರುಗಿ ನೋಡಿದ.

"ಗುಂಡಿಗೆ ಇಳಿಸೋವಾಗ ಅವ್ಳ ಕಾಲಿನ್ ರಿಬ್ಬನ್ ಬಿಚ್ಚಿದ್ರಾ ಅಂತ ಕೇಳ್ದೆ. ಲಾಜರನ ಕಟ್ಟು ಬಿಚ್ಚಿ ಅಂತ ಹೇಳ್ತಾನೆ ಅದ್ರಲ್ಲಿ. ಬಿಚ್ಚಿದ್ರೋ ಇಲ್ವೋ?"

ಮುನಿರಾಜ್ ಹೆಂಡತಿಯ ಮುಖವನ್ನೂ ಆರಿಹೋದ ಗಂಜಿಯ ಲೋಟವನ್ನೂ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ, "ಇಲ್ಲ. ಮರ್ತುಬಿಟ್ಟೆ" ಎಂದ.

ಸಪ್ಪಲಮ್ಮ ಅವನ ಮೇಲೆ ಬಿದ್ದಳು. ಎದೆಗೆ, ಭುಜಕ್ಕೆ, ಸಿಕ್ಕಲ್ಲಿಗೆ ಗುದ್ದಿದಳು. "ಕಾಲು ಕಟ್ಟಿ ಹೂತಾಕಿ ಬಂದ್ಯಲ್ಲೋ ಪಾಪಿ! ಮಗು ಹೆಂಗೆ ಎದ್ದು ಬರಬೇಕು, ಹೆಂಗೆ ನಡೀಬೇಕು!" ನೀವು ಎಂದೇ ಕರೆಯುತ್ತಿದ್ದ ಗಂಡನನ್ನು ಅವಳು ಏಕವಚನದಲ್ಲಿ ಬೈದದ್ದು ಅದೇ ಮೊದಲು. ಅವನು ಕೈ ಅಡ್ಡ ಹಿಡಿಯಲಿಲ್ಲ. ಸಾಕಾಗುವಷ್ಟು ಹೊಡೆದು, ಏದುಸಿರು ಬಿಡುತ್ತಾ ಕುಸಿದು ಕೂತವಳು, ಸಿಟ್ಟಿನಲ್ಲೇ ಗಂಜಿ ಲೋಟ ಎತ್ತಿ ಗಟಗಟನೆ ಕುಡಿದಳು. ಲಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಅವತ್ತಿನಿಂದ ಸಪ್ಪಲಮ್ಮ ಬದುಕಿದಳು, ಗಂಡನ ಮೇಲಿನ ದ್ವೇಷದಿಂದ ಬದುಕಿದಳು. ಅವನೊಡನೆ ಒಂದು ಮಾತಿಲ್ಲ. ಅಡುಗೆ ಮಾಡುವಳು, ಬಡಿಸುವುದು ಲಕ್ಕಮ್ಮ. ಊರಿನವರ ಎದುರಿಗೂ, "ಈ ಮಹಾನುಭಾವ ಕಾಲು ಬಿಚ್ಚದೆ ಹೂತ" ಎನ್ನುವಳು. ಹೆಣ ಹೊತ್ತವರು ಅಲ್ಲಿದ್ದರೆ ಮುನಿರಾಜ್‌ನ ಮುಖ ನೋಡುವರು, ಅವನು ತಲೆ ಅಲ್ಲಾಡಿಸುವನು, ಅವರೂ ಸುಮ್ಮನಾಗುವರು.

ಮೂರು ತಿಂಗಳಾದ ಮೇಲೆ ಟೀಚರ್ ಮನೆಗೆ ಮತ್ತೆ ಹೋಗತೊಡಗಿದಳು. ಟೀಚರ್ ಬೈಬಲ್ ಓದು ಎನ್ನಲಿಲ್ಲ, ಪೇಪರು ಓದಿಸಿಕೊಂಡರು. ಒಂದು ದಿನ ಸಪ್ಪಲಮ್ಮ ತಾನಾಗಿ ಆ ಪುಸ್ತಕ ತೆಗೆದು ಲಾಜರನ ಕಥೆ ಹಿಡಿದಳು. ಕಲ್ಲು ಸರಿಸಿದ್ದನ್ನು ಓದಿದಳು, ಹೆಸರು ಕೂಗಿದ್ದನ್ನು ಓದಿದಳು. ಮುಂದಿನ ಸಾಲಿನಲ್ಲಿ ಲಾಜರ ಕೈಕಾಲು ಕಟ್ಟಿದಂತೆಯೇ ಹೊರಗೆ ಬಂದ ಎಂದಿತ್ತು. ಕಟ್ಟು ಬಿಚ್ಚಿ ಎಂದು ಹೇಳಿದ್ದು ಅವನು ಬಂದ ಮೇಲೆ. ಕಟ್ಟಿದ ಕಾಲು ಅವನನ್ನು ತಡೆದಿರಲಿಲ್ಲ. ಸಪ್ಪಲಮ್ಮನ ಬೆರಳು ಆ ಸಾಲಿನ ಮೇಲೆ ನಿಂತಿತು, ಅದನ್ನು ದಾಟಿ ಕೆಳಗಿನ ಸಾಲಿಗೆ ಹೋಯಿತು. "ಕಟ್ಟು ಬಿಚ್ಚಿ ಅಂತಾನೆ ನೋಡಿ ಟೀಚರ್. ನಮ್ಮೋರು ಬಿಚ್ಚಲಿಲ್ಲ" ಎಂದಳು.

ಒಂದು ಪದ ನುಂಗಿದರೂ ಬಿಡದ ಪ್ರಮೋದಾ ಟೀಚರ್ ಅವತ್ತು ಕುರ್ಚಿಯ ಕೈ ಬಡಿಯಲಿಲ್ಲ. "ಹೌದಮ್ಮ" ಎಂದಷ್ಟೇ ಹೇಳಿ, ಕಾಣದ ಕಣ್ಣು ಒರೆಸಿಕೊಂಡರು.

ವರ್ಷ ತುಂಬಿತು. ವರ್ಷದ ತಿಥಿಗೆ ಮನೆಯ ಬಟ್ಟೆಯೆಲ್ಲ ಒಗೆಯಬೇಕೆಂದು ಸಪ್ಪಲಮ್ಮ ಮೋಟಾರಿನ ಮನೆಗೂ ಹೋದಳು. ಒಳಗಿನ ಮೊಳೆಯಲ್ಲಿ ಮುನಿರಾಜ್‌ನ ಬಿಳಿ ಷರಟು ನೇತಾಡುತ್ತಿತ್ತು, ಮಣ್ಣಿನ ಕಲೆ ಹಾಗೇ ಇತ್ತು. ಮಗಳನ್ನು ಮಣ್ಣು ಮಾಡಿದ ದಿನ ಹಾಕಿದ್ದ ಷರಟು. ಇಷ್ಟು ದಿನವಾದರೂ ಇದನ್ನು ಒಗೆಯಲು ಹಾಕಿಲ್ಲವಲ್ಲ ಎಂದು ಬೈದುಕೊಳ್ಳುತ್ತಾ ಒಗೆಯುವ ಕಲ್ಲಿನ ಹತ್ತಿರ ತಂದಳು. ನೀರಿಗೆ ಅದ್ದುವ ಮೊದಲು ಅಭ್ಯಾಸದಂತೆ ಜೇಬಿಗೆ ಕೈ ಹಾಕಿದಳು.

ಕೆಂಪು ರಿಬ್ಬನ್ ಕೈಗೆ ಬಂತು. ಗಂಟು ಬಿಚ್ಚಿದ ಸುಕ್ಕು ನಡುವೆ ಹಾಗೇ ಉಳಿದಿತ್ತು. ಒಂದು ತುದಿ ಕಪ್ಪಗೆ ಕರಕಲಾಗಿತ್ತು.

ಬಿಚ್ಚಿದ್ದರು. ಕಾಲಿಗೆ ಕಟ್ಟೇ ಇರಲಿಲ್ಲ. ಆದರೂ ಮಗಳು ಬರಲಿಲ್ಲ. ಗಂಡ ಮರೆತದ್ದರಿಂದಲ್ಲ, ತಾನು ಕಥೆ ಓದಲು ಹೋದದ್ದರಿಂದಲೂ ಅಲ್ಲ. ಸತ್ತಿದ್ದಳು, ಅದಕ್ಕೇ ಬರಲಿಲ್ಲ. ಒಂದು ವರ್ಷದಿಂದ ಸಪ್ಪಲಮ್ಮ ಬೈದಿದ್ದಳು, ಹೊಡೆದಿದ್ದಳು, ಊರ ಮುಂದೆ ಹಳಿದಿದ್ದಳು. ಈಗ ಒಗೆಯುವ ಕಲ್ಲಿಗೆ ತಲೆ ಆನಿಸಿ, ಮಗಳು ಸತ್ತ ದಿನ ಅಳಬೇಕಾಗಿದ್ದ ಅಳುವನ್ನು ಅತ್ತಳು. ಅವತ್ತಿನ ಗಂಜಿಯ ಲೋಟ ನೆನಪಾಯಿತು. ಆ ಲೋಟವನ್ನೂ ತನ್ನ ಮುಖವನ್ನೂ ಅವನು ನೋಡಿದ ರೀತಿ ನೆನಪಾಯಿತು. ನಿಂತಿರಲಿ ಅಂತ ಹೇಳಿದ ಸುಳ್ಳಿನ ಬಗ್ಗೆ ಟೀಚರ್ ಹೇಳಿದ್ದ ಮಾತೂ ನೆನಪಾಗಿ ಇನ್ನಷ್ಟು ಅತ್ತಳು.

ಮಧ್ಯಾಹ್ನ ಮುನಿರಾಜ್ ಊಟಕ್ಕೆ ಬಂದ. ಅಮ್ಮ ಬಡಿಸಲಿ ಎಂದು ಎಂದಿನಂತೆ ಗೋಡೆಗೆ ಒರಗಿ ಕೂತ. ಸಪ್ಪಲಮ್ಮ ತಟ್ಟೆ ತಂದು ಅವನ ಮುಂದಿಟ್ಟಳು. ಅವನು ತಲೆ ಎತ್ತಿದ. ಅವಳ ಹಿಂದೆ, ಕನ್ನಡಿಯ ಪಕ್ಕದ ಮೊಳೆಯಲ್ಲಿ ಎರಡು ರಿಬ್ಬನ್‌ಗಳಿದ್ದವು.

ಮುನಿರಾಜ್ ತಟ್ಟೆಗೆ ಚಾಚಿದ ಕೈ ಹಿಂದಕ್ಕೆ ತೆಗೆದ. "ಬಿಚ್ಚಿದ್ದೆ ಕಣೆ" ಎಂದ.

"ಗೊತ್ತಾಯ್ತು."

"ಬಿಚ್ಚಿ, ಕೈ ಹಿಡ್ಕೊಂಡು, ಏಳವ್ವಾ ಅಂದೆ. ನೀನು ಊಟದ ಹೊತ್ತಲ್ಲಿ ಹೇಳ್ತಿದ್ಯಲ್ಲ, ಹಂಗೇ. ಮೂರು ಸಲ ಅಂದೆ. ಹೆಗಲು ಕೊಟ್ಟಿದ್ನಲ್ಲ ಕೆಂಪರಾಜಣ್ಣ, ಹೊತ್ತಾಯ್ತು ಬಾರಪ್ಪ ಅಂತ ಗುಂಡಿ ಮೇಲಿಂದ ಕರೆದ." ಅಷ್ಟು ಮಾತನ್ನು ಒಟ್ಟಿಗೆ ಆಡಿ ಅಭ್ಯಾಸವಿಲ್ಲದ ಮನುಷ್ಯ ಅಲ್ಲಿಗೆ ನಿಲ್ಲಿಸಿದ. "ಏಳಲಿಲ್ಲ ಕಣೆ."

ಸಪ್ಪಲಮ್ಮ ಅವನ ಪಕ್ಕದಲ್ಲಿ ಕೂತಳು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಅವನ ಬಾಯಿಯ ಹತ್ತಿರ ಹಿಡಿದಳು. "ಉಣ್ಣಿ" ಎಂದಳು.